ಹೂಡಿಕೆದಾರನೋ, ವ್ಯಾಪಾರಿಯೋ? ಷೇರಿನ ಖರ್ಚಿಗೆ ತೆರಿಗೆ ಲೆಕ್ಕದಲ್ಲಿ ಜಾಗವೆಲ್ಲಿ

ಒಂದೇ ಬೀದಿಯ ಇಬ್ಬರು ಗೆಳೆಯರು ಒಂದೇ ದಿನ, ಒಂದೇ ಕಂಪನಿಯ ಸಾವಿರ ಷೇರುಗಳನ್ನು ಒಂದೇ ಬೆಲೆಗೆ ಕೊಂಡರು ಎಂದಿಟ್ಟುಕೊಳ್ಳೋಣ. ಕೆಲವು ತಿಂಗಳ ಬಳಿಕ ಇಬ್ಬರೂ ಒಂದೇ ದಿನ ಮಾರಿದರು. ಬಂದ ಲಾಭ ಸರಿಸಮ. ದಲ್ಲಾಳಿಗೆ ಕೊಟ್ಟದ್ದೂ ಸಮ. ಇಬ್ಬರೂ ಪೇಟೆಯ ಸುದ್ದಿಗಾಗಿ ಪತ್ರಿಕೆ ತರಿಸಿದ್ದಾರೆ, ಸಲಹೆಗಾರನಿಗೆ ಶುಲ್ಕ ಕೊಟ್ಟಿದ್ದಾರೆ, ಕೊಳ್ಳಲು ಸಾಲದ ದಣವನ್ನೂ ಬಳಸಿ ಬಡ್ಡಿ ಕಟ್ಟಿದ್ದಾರೆ. ಆದರೆ ವರ್ಷದ ಕೊನೆಗೆ ಆದಾಯ ತೆರಿಗೆಯ ಲೆಕ್ಕ ಬರೆಯಲು ಕುಳಿತಾಗ ಒಬ್ಬನ ಖರ್ಚೆಲ್ಲವೂ ಲಾಭದಿಂದ ಕಳೆದುಹೋಗುತ್ತದೆ. ಇನ್ನೊಬ್ಬನಿಗೆ ದಲ್ಲಾಳಿ ಶುಲ್ಕವೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಕೈಯಿಂದ ಹೋದದ್ದೇ.

ಕಾರಣ ಇಷ್ಟೆ: ಕಾನೂನಿನ ಕಣ್ಣಿನಲ್ಲಿ ಮೊದಲನೆಯವನು ಷೇರು ವ್ಯಾಪಾರಿ, ಎರಡನೆಯವನು ಹೂಡಿಕೆದಾರ. ಈ ಎರಡು ಪದಗಳ ನಡುವಿನ ಗೆರೆ ಎಲ್ಲಿದೆ ಎಂಬುದನ್ನು ಯಾವ ಕಾಯ್ದೆಯೂ ಅಳತೆ ಹಿಡಿದು ಹೇಳಿಲ್ಲ. ಆದರೂ ಆ ಗೆರೆಯ ಯಾವ ಪಕ್ಕದಲ್ಲಿ ನಿಂತಿದ್ದೀರಿ ಎಂಬುದರ ಮೇಲೆ ತೆರಿಗೆಯ ದರ, ಖರ್ಚಿನ ಮನ್ನಣೆ, ನಷ್ಟದ ಗತಿ ಎಲ್ಲವೂ ನಿಂತಿವೆ. ಈ ವಿಚಿತ್ರ ಸ್ಥಿತಿಗೆ ಒಂದೂವರೆ ಶತಮಾನಕ್ಕೂ ಮೀರಿದ ಇತಿಹಾಸವಿದೆ.

ಮರ ಮತ್ತು ಹಣ್ಣು

1857ರ ದಂಗೆಯ ಬಳಿಕ ಬರಿದಾದ ಬೊಕ್ಕಸವನ್ನು ತುಂಬಲು ಬ್ರಿಟಿಷ್ ಸರ್ಕಾರ ಜೇಮ್ಸ್ ವಿಲ್ಸನ್‌ನನ್ನು ಕಲ್ಕತ್ತೆಗೆ ಕಳುಹಿಸಿತು. ‘ದಿ ಎಕನಾಮಿಸ್ಟ್’ ಪತ್ರಿಕೆಯ ಸ್ಥಾಪಕನಾದ ಈತ 1860ರಲ್ಲಿ ಭಾರತಕ್ಕೆ ಆದಾಯ ತೆರಿಗೆಯನ್ನು ತಂದ. ಕಾಯ್ದೆ ಅಂಗೀಕಾರವಾದ ಕೆಲವೇ ವಾರಗಳಲ್ಲಿ, ಆಗಸ್ಟ್ ತಿಂಗಳಲ್ಲಿ, ಆಮಶಂಕೆಯಿಂದ ಕಲ್ಕತ್ತೆಯಲ್ಲೇ ತೀರಿಕೊಂಡ. ಆತನ ಕಾಯ್ದೆ ಆದಾಯವನ್ನು ನಾಲ್ಕು ಪಂಗಡಗಳಾಗಿ ವಿಂಗಡಿಸಿತ್ತು: ಭೂಮಿ ಮುಂತಾದ ಸ್ಥಿರಾಸ್ತಿ, ವೃತ್ತಿ ಮತ್ತು ವ್ಯಾಪಾರ, ಸಾಲಪತ್ರಗಳು, ಸಂಬಳ ಮತ್ತು ಪಿಂಚಣಿ. ವ್ಯಾಪಾರದ ಗಳಿಕೆ ಒಂದು ಖಾನೆಗೆ, ಪತ್ರಗಳಲ್ಲಿ ತೊಡಗಿಸಿದ ಹಣದ ಗಳಿಕೆ ಇನ್ನೊಂದು ಖಾನೆಗೆ ಎಂಬ ಭೇದ ಅಂದಿನದು.

ಅದೇ ಕಾಲದಲ್ಲಿ ಮುಂಬಯಿಯ ಟೌನ್‌ಹಾಲ್ ಬಳಿಯ ಆಲದ ಮರಗಳ ಕೆಳಗೆ ಷೇರು ದಲ್ಲಾಳಿಗಳು ಸೇರುತ್ತಿದ್ದರು. ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಬೆಲೆ ಗಗನಕ್ಕೇರಿ ಮುಂಬಯಿಗೆ ಹಣದ ಹೊಳೆ ಹರಿಯಿತು. ಪ್ರೇಮಚಂದ್ ರಾಯಚಂದ್‌ನಂಥ ದಲ್ಲಾಳಿ ದೊರೆಗಳು ಹುಟ್ಟಿಕೊಂಡರು. 1865ರಲ್ಲಿ ಯುದ್ಧ ನಿಂತಿತು, ಗುಳ್ಳೆ ಒಡೆಯಿತು. ಉಳಿದ ದಲ್ಲಾಳಿಗಳು 1875ರಲ್ಲಿ ಸಂಘ ಕಟ್ಟಿಕೊಂಡರು. ಅದೇ ಇಂದಿನ ಮುಂಬಯಿ ಷೇರು ವಿನಿಮಯ ಕೇಂದ್ರ.

ಆ ದಿನಗಳಲ್ಲಿ ಹೂಡಿಕೆದಾರನಿಗೆ ಒಂದು ದೊಡ್ಡ ಸೌಕರ್ಯವಿತ್ತು. ಬ್ರಿಟಿಷ್ ತೆರಿಗೆ ನೀತಿಯ ಪ್ರಕಾರ ಬಂಡವಾಳವೆಂದರೆ ಮರ, ಆದಾಯವೆಂದರೆ ಅದರ ಹಣ್ಣು. ಹಣ್ಣಿಗೆ ತೆರಿಗೆ ಉಂಟು, ಮರಕ್ಕೆ ಇಲ್ಲ. ಷೇರನ್ನು ಇಟ್ಟುಕೊಂಡು ಲಾಭಾಂಶ ಪಡೆದರೆ ಅದು ಹಣ್ಣು. ಷೇರನ್ನೇ ಹೆಚ್ಚಿನ ಬೆಲೆಗೆ ಮಾರಿದರೆ ಅದು ಮರ ಮಾರಿದಂತೆ. 1922ರ ಆದಾಯ ತೆರಿಗೆ ಕಾಯ್ದೆಯೂ ಮೊದಲಿಗೆ ಇದೇ ದಾರಿ ಹಿಡಿದಿತ್ತು. ಆದರೆ ಮರಗಳನ್ನು ಕೊಂಡು ಮಾರುವುದೇ ಕಸುಬಾದ ಸೌದೆ ಮಂಡಿಯವನಿಗೆ ಮರವೇ ಸರಕು. ಹಾಗೆಯೇ ಷೇರು ವ್ಯಾಪಾರಿಗೆ ಷೇರೇ ಸರಕು. ಅವನ ಲಾಭಕ್ಕೆ ಪೂರ್ತಿ ತೆರಿಗೆ. ಪ್ರತಿಯಾಗಿ ಅಂಗಡಿಯ ಬಾಡಿಗೆ, ಗುಮಾಸ್ತೆಯ ಸಂಬಳ, ಸಾಲದ ಬಡ್ಡಿ ಎಲ್ಲವನ್ನೂ ಕಳೆಯಬಹುದು. ಹೂಡಿಕೆದಾರನ ಲಾಭಕ್ಕೇ ತೆರಿಗೆ ಇಲ್ಲದಿದ್ದ ಮೇಲೆ ಅವನ ಖರ್ಚಿನ ಪ್ರಶ್ನೆಯೇ ಏಳುತ್ತಿರಲಿಲ್ಲ.

ಇದರ ಫಲವಾಗಿ ಒಂದು ಮೋಜಿನ ಆಟ ಶುರುವಾಯಿತು. ಲಾಭ ಬಂದ ವರ್ಷ ‘ನಾನು ಹೂಡಿಕೆದಾರ’ ಎನ್ನುವುದು ತೆರಿಗೆದಾರನಿಗೆ ಅನುಕೂಲ. ನಷ್ಟವಾದ ವರ್ಷ ‘ನಾನು ವ್ಯಾಪಾರಿ’ ಎನ್ನುವುದು ಅನುಕೂಲ. ಇಲಾಖೆಯ ಹಿತ ಎರಡೂ ಸಲ ಇದಕ್ಕೆ ತಿರುವುಮುರುವು. ಅದೇ ಮನುಷ್ಯ, ಅದೇ ಷೇರು. ವಾದ ಮಾತ್ರ ವರ್ಷಕ್ಕೊಂದು.

ಬಂಡವಾಳ ಲಾಭಕ್ಕೆ ತೆರಿಗೆ

ಸ್ವಾತಂತ್ರ್ಯಕ್ಕೆ ಕೆಲವೇ ತಿಂಗಳ ಮೊದಲು, 1947ರ ಫೆಬ್ರುವರಿಯಲ್ಲಿ, ಮಧ್ಯಂತರ ಸರ್ಕಾರದ ಅರ್ಥ ಸದಸ್ಯ ಲಿಯಾಕತ್ ಅಲಿ ಖಾನ್ ಮಂಡಿಸಿದ ಮುಂಗಡಪತ್ರ ಈ ಸೌಕರ್ಯಕ್ಕೆ ಮೊದಲ ಪೆಟ್ಟು ಕೊಟ್ಟಿತು. ಯುದ್ಧಕಾಲದಲ್ಲಿ ಬೆಳೆದ ಸಂಪತ್ತಿನ ಮೇಲೆ ಕಣ್ಣಿಟ್ಟ ಅದು ಬಂಡವಾಳ ಲಾಭ ತೆರಿಗೆಯನ್ನು ತಂದಿತು. ವಾಣಿಜ್ಯ ವಲಯ ಗದ್ದಲವೆಬ್ಬಿಸಿತು. ತೆರಿಗೆ ಹೆಚ್ಚು ಕಾಲ ಬಾಳಲಿಲ್ಲ. 1946ರ ಏಪ್ರಿಲ್‌ನಿಂದ 1948ರ ಮಾರ್ಚ್‌ವರೆಗಿನ ಲಾಭಕ್ಕೆ ಅನ್ವಯಿಸಿ ಅದು ಮರೆಗೆ ಸರಿಯಿತು.

ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞ ನಿಕೊಲಾಸ್ ಕಾಲ್ಡರ್ 1956ರಲ್ಲಿ ಭಾರತ ಸರ್ಕಾರಕ್ಕೆ ಕೊಟ್ಟ ವರದಿ ಅದನ್ನು ಮತ್ತೆ ಎಬ್ಬಿಸಿತು. ಸಂಪತ್ತಿನ ಮೇಲೆ, ವೆಚ್ಚದ ಮೇಲೆ, ದಾನದ ಮೇಲೆ, ಬಂಡವಾಳ ಲಾಭದ ಮೇಲೆ ತೆರಿಗೆ ಇರಬೇಕೆಂದು ಕಾಲ್ಡರ್ ಹೇಳಿದ. ಅದೇ ವರ್ಷ ಅರ್ಥ ಸಚಿವ ಟಿ.ಟಿ. ಕೃಷ್ಣಮಾಚಾರಿ ಬಂಡವಾಳ ಲಾಭ ತೆರಿಗೆಯನ್ನು ಮರಳಿ ತಂದರು. 1961ರ ಆದಾಯ ತೆರಿಗೆ ಕಾಯ್ದೆ ಅದಕ್ಕೊಂದು ಭದ್ರವಾದ ಅಧ್ಯಾಯ ಕಟ್ಟಿಕೊಟ್ಟಿತು.

ಹೂಡಿಕೆದಾರನ ಖರ್ಚಿನ ಕಥೆ ನಿಜವಾಗಿ ಆರಂಭವಾಗುವುದು ಇಲ್ಲಿಂದ. 1961ರ ಕಾಯ್ದೆಯ 48ನೇ ಸೆಕ್ಷನ್ ಮಾರಿದ ಬೆಲೆಯಿಂದ ಏನೇನು ಕಳೆಯಬಹುದು ಎಂದು ಪಟ್ಟಿ ಮಾಡಿತು. ಕೊಂಡ ಬೆಲೆ ಕಳೆಯಬಹುದು, ಆಸ್ತಿಯ ಸುಧಾರಣೆಗೆ ಹಾಕಿದ ಹಣ ಕಳೆಯಬಹುದು, ಮಾರಾಟಕ್ಕಾಗಿಯೇ ಸಂಪೂರ್ಣವಾಗಿ ಮಾಡಿದ ಖರ್ಚು ಕಳೆಯಬಹುದು. ಅಷ್ಟೇ. ದಲ್ಲಾಳಿ ಶುಲ್ಕ ಈ ಜಾಲರಿಯೊಳಗೆ ಬರುತ್ತದೆ. ಷೇರುಗಳು ಕಾಗದದ ರೂಪದಲ್ಲಿದ್ದ ಕಾಲದಲ್ಲಿ ವರ್ಗಾವಣೆಯ ನಮೂನೆಗೆ 100 ರೂಪಾಯಿಗೆ 50 ಪೈಸೆಯಂತೆ ಮುದ್ರಾಂಕದ ಚೀಟಿ ಅಂಟಿಸಬೇಕಿತ್ತು. ಅದೂ ಕೊಂಡ ಬೆಲೆಯ ಭಾಗವಾಗಿ ಒಳಗೆ ಬರುತ್ತಿತ್ತು.

ಆದರೆ ಪತ್ರಿಕೆಯ ಚಂದಾ? ಕಂಪನಿಯ ಮಹಾಸಭೆಗೆ ಹೋದ ರೈಲು ಖರ್ಚು? ದೂರವಾಣಿಯ ಬಿಲ್ಲು? ಮುಂದೆ ಬಂದ ಡಿಮ್ಯಾಟ್ ಖಾತೆಯ ವಾರ್ಷಿಕ ಶುಲ್ಕ? ಇವು ಯಾವುದೋ ಒಂದು ನಿರ್ದಿಷ್ಟ ಮಾರಾಟಕ್ಕೆ ಅಂಟಿಕೊಂಡ ಖರ್ಚುಗಳಲ್ಲ. ಆದ್ದರಿಂದ ಹೂಡಿಕೆದಾರನ ಲೆಕ್ಕದಲ್ಲಿ ಅವಕ್ಕೆ ಜಾಗವಿಲ್ಲ. ಮರಕ್ಕೆ ತೆರಿಗೆ ಬಂತು. ಮರಕ್ಕೆ ಹಾಕಿದ ನೀರು ಗೊಬ್ಬರ ಲೆಕ್ಕಕ್ಕೆ ಬರಲಿಲ್ಲ.

ಇದಕ್ಕೆ ಸಮರ್ಥನೆ ಇಲ್ಲವೆಂದಲ್ಲ. ಮನೆಗೆ ಬರುವ ಪತ್ರಿಕೆಯಲ್ಲಿ ಯಜಮಾನ ಷೇರು ದರ ನೋಡಿದರೆ ಮಗ ಕ್ರಿಕೆಟ್ ಸುದ್ದಿ ಓದುತ್ತಾನೆ. ಮುಂಬಯಿಯ ಮಹಾಸಭೆಗೆ ಹೋದವನು ನೆಂಟರ ಮನೆಗೂ ಹೋಗಿ ಬರುತ್ತಾನೆ. ಸ್ವಂತದ ಖರ್ಚು ಯಾವುದು, ಹೂಡಿಕೆಯ ಖರ್ಚು ಯಾವುದು ಎಂದು ಲಕ್ಷಾಂತರ ಮನೆಗಳಲ್ಲಿ ಇಲಾಖೆ ತನಿಖೆ ಮಾಡುತ್ತ ಕೂರಲು ಸಾಧ್ಯವಿಲ್ಲ. ಮೇಲಾಗಿ ದೀರ್ಘಕಾಲ ಇಟ್ಟುಕೊಂಡ ಷೇರಿನ ಲಾಭಕ್ಕೆ ಮೊದಲಿನಿಂದಲೂ ಏನಾದರೊಂದು ರಿಯಾಯಿತಿ ಇದ್ದೇ ಇತ್ತು. ವ್ಯಾಪಾರಿಗೆ ಖರ್ಚಿನ ಮನ್ನಣೆ, ಹೂಡಿಕೆದಾರನಿಗೆ ತೆರಿಗೆಯಲ್ಲಿ ಸಡಿಲಿಕೆ: ಇದು ಕಾಯ್ದೆಯ ಒಳಗಿನ ಮೌನ ಒಪ್ಪಂದವಾಗಿತ್ತು.

ಕೋರ್ಟಿನ ಮೆಟ್ಟಿಲಲ್ಲಿ

ಯಾರು ವ್ಯಾಪಾರಿ ಎಂಬ ಪ್ರಶ್ನೆ ಮತ್ತೆ ಮತ್ತೆ ಸುಪ್ರೀಂ ಕೋರ್ಟಿನ ತನಕ ಹೋಯಿತು. 1960ರ ದಶಕದ ಆರಂಭದಲ್ಲಿ ದರ್ಭಾಂಗದ ರಾಜಾ ಬಹದ್ದೂರ್ ವಿಶ್ವೇಶ್ವರ ಸಿಂಗ್ ಅವರ ಪ್ರಕರಣ ತೀರ್ಮಾನವಾಯಿತು. ಕೊಂಡು ಮಾರಿದ ಷೇರುಗಳ ಪ್ರಮಾಣ, ವ್ಯವಹಾರ ಎಷ್ಟು ಸಲ ನಡೆದಿದೆ, ಕೊಂಡದ್ದಕ್ಕೂ ಮಾರಿದ್ದಕ್ಕೂ ಇರುವ ಅನುಪಾತ ಮುಂತಾದವನ್ನು ನೋಡಿ ಅದು ವ್ಯಾಪಾರವೇ ಎಂಬ ತೀರ್ಮಾನ ಬಂತು. ರಾಜಮನೆತನದವರಾದರೂ ತೆರಿಗೆಯ ಮಟ್ಟಿಗೆ ಅವರು ವ್ಯಾಪಾರಿಯಾದರು. 1971ರ ಇನ್ನೊಂದು ತೀರ್ಪು, ಕೈಯಲ್ಲಿರುವ ಷೇರು ಹೂಡಿಕೆಯೋ ಸರಕೋ ಎಂಬುದು ಅದನ್ನಿಟ್ಟುಕೊಂಡವನಿಗೇ ಗೊತ್ತಿರುವ ಸಂಗತಿ, ಆತ ತನ್ನ ಲೆಕ್ಕಪುಸ್ತಕಗಳಿಂದ ಅದನ್ನು ತೋರಿಸಬೇಕು ಎಂದಿತು. ಲಾರ್ಸನ್ ಅಂಡ್ ಟೂಬ್ರೊ ಕಂಪನಿಯ ಸ್ಥಾಪಕರಲ್ಲೊಬ್ಬರಾದ ಹೋಲ್ಕ್ ಲಾರ್ಸನ್ ಅವರ ಪ್ರಕರಣದಲ್ಲಿ, 1986ರಲ್ಲಿ, ಇದು ಬರೀ ಕಾನೂನಿನ ಪ್ರಶ್ನೆಯಲ್ಲ, ಕಾನೂನು ಮತ್ತು ಸಂಗತಿ ಎರಡೂ ಬೆರೆತ ಪ್ರಶ್ನೆ ಎಂದು ಕೋರ್ಟು ಹೇಳಿತು. ಅಂದರೆ ಎಲ್ಲರಿಗೂ ಸಲ್ಲುವ ಒಂದೇ ಉತ್ತರವಿಲ್ಲ. ಪ್ರತಿಯೊಬ್ಬನ ಕಥೆಯನ್ನೂ ಬೇರೆಬೇರೆಯಾಗಿಯೇ ನೋಡಬೇಕು.

ಖರ್ಚಿನ ವಿಷಯದಲ್ಲಿ ಹೂಡಿಕೆದಾರನಿಗೆ ಸಿಕ್ಕ ದೊಡ್ಡ ಗೆಲುವು 1978ರದು. ರಾಜೇಂದ್ರ ಪ್ರಸಾದ್ ಮೂಡಿ ಪ್ರಕರಣವೆಂದು ಅದು ಹೆಸರಾಗಿದೆ. ಸಾಲ ಮಾಡಿ ಷೇರು ಕೊಂಡು ಬಡ್ಡಿ ಕಟ್ಟಿದ್ದಾಯಿತು. ಆದರೆ ಆ ವರ್ಷ ಷೇರಿನಿಂದ ಲಾಭಾಂಶ ಬರಲೇ ಇಲ್ಲ. ಆದಾಯವೇ ಇಲ್ಲದ ಮೇಲೆ ಬಡ್ಡಿಯನ್ನು ಎಲ್ಲಿಂದ ಕಳೆಯುವುದು ಎಂದು ಇಲಾಖೆ ಕೇಳಿತು. ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರಿದ್ದ ಪೀಠದ ಉತ್ತರ ಸರಳವಾಗಿತ್ತು. ಕಾಯ್ದೆ ಕೇಳುವುದು ಖರ್ಚಿನ ಉದ್ದೇಶವನ್ನು, ಅದರ ಫಲವನ್ನಲ್ಲ. ಅತಿ ಸಣ್ಣ ಆದಾಯ ಬಂದರೂ ಪೂರ್ತಿ ಬಡ್ಡಿಗೆ ಮನ್ನಣೆ ಇರುವಾಗ, ಏನೂ ಬಾರದ ದುರದೃಷ್ಟವಂತನಿಗೆ ಅದನ್ನು ನಿರಾಕರಿಸುವುದು ಅಸಂಗತವಾಗುತ್ತದೆ. ಬಿತ್ತಿದ ಪೈರು ಬಾರದೆ ಹೋದರೂ ಬೀಜಕ್ಕೆ ಹಾಕಿದ ಹಣ ಖರ್ಚೇ ಅಲ್ಲವೆ?

ಕರ್ನಾಟಕ ಹೈಕೋರ್ಟು 1980ರ ದಶಕದ ಒಂದು ತೀರ್ಪಿನಲ್ಲಿ ಇದಕ್ಕೆ ಇನ್ನೊಂದು ಮಗ್ಗುಲನ್ನು ಸೇರಿಸಿತು. ಷೇರು ಕೊಳ್ಳಲು ಮಾಡಿದ ಸಾಲದ ಬಡ್ಡಿಯನ್ನು ಷೇರಿನ ಕೊಂಡ ಬೆಲೆಗೆ ಸೇರಿಸಿಕೊಂಡು ಮಾರುವಾಗ ಕಳೆಯಬಹುದು. ಆದರೆ ಅದೇ ಬಡ್ಡಿಯನ್ನು ಲಾಭಾಂಶದ ಆದಾಯದಿಂದ ಈಗಾಗಲೇ ಕಳೆದಿದ್ದರೆ ಎರಡನೆಯ ಸಲ ಕಳೆಯುವಂತಿಲ್ಲ. ಒಂದು ಖರ್ಚಿಗೆ ಒಂದು ಸಲ ಮನ್ನಣೆ ಎಂಬ ಈ ತತ್ವ ಯಾರೂ ಒಪ್ಪುವಂಥದ್ದು.

ಎಲ್ಲ ಖರ್ಚುಗಳಿಗೂ ಇಂಥ ಅದೃಷ್ಟ ಇರಲಿಲ್ಲ. ಹಣವನ್ನು ಪರಿಣತರಿಗೆ ಒಪ್ಪಿಸಿ ಅವರಿಂದ ಷೇರು ವಹಿವಾಟು ನಡೆಸುವ ವ್ಯವಸ್ಥೆ ಬಂದ ಮೇಲೆ ಅವರಿಗೆ ಕೊಡುವ ಶುಲ್ಕದ ಪ್ರಶ್ನೆ ಎದ್ದಿತು. ತೆರಿಗೆ ನ್ಯಾಯಮಂಡಳಿಯ ಮುಂಬಯಿ ಪೀಠವೊಂದು ಅದನ್ನು ಕಳೆಯಲಾಗದು ಎಂದಿತು. ಪುಣೆ ಪೀಠ ಕಳೆಯಬಹುದು ಎಂದಿತು. ಎರಡು ಊರುಗಳ ನಡುವಿನ ದಾರಿ ನೂರೈವತ್ತು ಕಿಲೋಮೀಟರ್ ಮಾತ್ರ.

2004ರ ಒಪ್ಪಂದ

1990ರ ದಶಕದಲ್ಲಿ ಷೇರು ಪೇಟೆಯ ಸ್ವರೂಪವೇ ಬದಲಾಯಿತು. 1994ರಲ್ಲಿ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ಕಂಪ್ಯೂಟರ್ ಪರದೆಯ ಮೇಲೆ ವಹಿವಾಟು ತಂದಿತು. 1996ರಿಂದ ಕಾಗದದ ಷೇರು ಡಿಮ್ಯಾಟ್ ಖಾತೆಯ ಅಂಕಿಯಾಯಿತು. ಕೂಗಾಟದ ಅಂಗಳಗಳು ನಿಶ್ಶಬ್ದವಾದವು. 1963ರಲ್ಲಿ ಆರಂಭವಾದ ಬೆಂಗಳೂರು ಷೇರು ವಿನಿಮಯ ಕೇಂದ್ರ ಕಡೆಗೆ 2014ರಲ್ಲಿ ಆ ಕಸುಬಿನಿಂದಲೇ ನಿರ್ಗಮಿಸಿತು.

ಪ್ರತಿ ವಹಿವಾಟೂ ಗಣಕದಲ್ಲಿ ದಾಖಲಾಗುವಂತಾದಾಗ ಸರ್ಕಾರಕ್ಕೆ ಹೊಸ ದಾರಿ ಕಂಡಿತು. 2004ರ ಮುಂಗಡಪತ್ರದಲ್ಲಿ ಅರ್ಥ ಸಚಿವ ಪಿ. ಚಿದಂಬರಂ ಷೇರು ವಹಿವಾಟು ತೆರಿಗೆಯನ್ನು ಪ್ರಕಟಿಸಿದರು. ದಲ್ಲಾಳಿಗಳ ಪ್ರತಿಭಟನೆಯ ನಂತರ ದರ ತಗ್ಗಿತು. ಆ ವರ್ಷದ ಅಕ್ಟೋಬರ್ 1ರಿಂದ ಅದು ಜಾರಿಗೆ ಬಂತು. ಇದಕ್ಕೆ ಬದಲಾಗಿ ಒಂದು ಕೊಡುಗೆ: ಈ ತೆರಿಗೆ ಕಟ್ಟಿ, ಒಂದು ವರ್ಷ ಮೀರಿ ಇಟ್ಟುಕೊಂಡು ಪೇಟೆಯಲ್ಲಿ ಮಾರಿದ ಷೇರಿನ ಲಾಭಕ್ಕೆ ಬಂಡವಾಳ ಲಾಭ ತೆರಿಗೆಯೇ ಇಲ್ಲ. ಅಲ್ಪಾವಧಿಯ ಲಾಭಕ್ಕೆ ಶೇ 10 ಮಾತ್ರ.

ಕೊಡುಗೆಯ ಜೊತೆಗೇ ಒಂದು ಸಣ್ಣ ಷರತ್ತು ಕಾಯ್ದೆಯೊಳಗೆ ಸೇರಿತು. ವಹಿವಾಟು ತೆರಿಗೆಯಾಗಿ ಕಟ್ಟಿದ ಹಣವನ್ನು ಹೂಡಿಕೆದಾರ ತನ್ನ ಬಂಡವಾಳ ಲಾಭದಿಂದ ಕಳೆಯುವಂತಿಲ್ಲ ಎಂಬುದೇ ಆ ಷರತ್ತು. ವ್ಯಾಪಾರಿಗಾದರೆ ಕಟ್ಟಿದ್ದನ್ನು ತನ್ನ ಆದಾಯ ತೆರಿಗೆಯಲ್ಲೇ ಮುರಿದುಕೊಳ್ಳುವ ಸೌಲಭ್ಯ ಕೊಟ್ಟರು. 2008ರ ಮುಂಗಡಪತ್ರ ಆ ಸೌಲಭ್ಯ ತೆಗೆದು, ಅದನ್ನು ವ್ಯಾಪಾರದ ಖರ್ಚೆಂದು ಕಳೆಯಲು ಬಿಟ್ಟಿತು. ಹೂಡಿಕೆದಾರನ ಬಾಗಿಲು ಮಾತ್ರ ತೆರೆಯಲಿಲ್ಲ.

ಲಾಭಕ್ಕೆ ತೆರಿಗೆಯೇ ಇಲ್ಲದಿದ್ದ ದಿನಗಳಲ್ಲಿ ದೀರ್ಘಾವಧಿಯ ಹೂಡಿಕೆದಾರ ಈ ಷರತ್ತಿನ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ 2018ರಲ್ಲಿ ಅರ್ಥ ಸಚಿವ ಅರುಣ್ ಜೇಟ್ಲಿ ಒಂದು ಲಕ್ಷ ಮೀರಿದ ದೀರ್ಘಾವಧಿ ಲಾಭಕ್ಕೆ ಶೇ 10ರ ತೆರಿಗೆಯನ್ನು ಮರಳಿ ತಂದರು. 2024ರ ಜುಲೈ 23ರಿಂದ ಅದು ಶೇ 12.5 ಆಯಿತು, ಅಲ್ಪಾವಧಿ ಲಾಭದ ತೆರಿಗೆ ಶೇ 20ಕ್ಕೆ ಏರಿತು. ಬದಲಿಗೆಂದು ಕೊಟ್ಟ ವಿನಾಯಿತಿ ಹೋಯಿತು. ಅದಕ್ಕೆ ಬೆಲೆಯಾಗಿ ಪಡೆದ ವಹಿವಾಟು ತೆರಿಗೆ ಉಳಿಯಿತು. ಕಳೆಯುವಂತಿಲ್ಲ ಎಂಬ ಷರತ್ತೂ ಉಳಿಯಿತು.

ಲೆಕ್ಕದಲ್ಲಿ ನೋಡಿದರೆ ಹೀಗಿದೆ. ಒಂದು ಲಕ್ಷಕ್ಕೆ ಕೊಂಡು ಒಂದು ಲಕ್ಷ ಇಪ್ಪತ್ತು ಸಾವಿರಕ್ಕೆ ಮಾರಿದವನು ಶೇ 0.1ರ ದರದಲ್ಲಿ ಕೊಳ್ಳುವಾಗ 100, ಮಾರುವಾಗ 120, ಒಟ್ಟು 220 ರೂಪಾಯಿ ವಹಿವಾಟು ತೆರಿಗೆ ಕೊಡುತ್ತಾನೆ. ಅಲ್ಪಾವಧಿ ಹೂಡಿಕೆದಾರನಾದರೆ ತನ್ನ ಕೈಸೇರದ ಆ 220 ರೂಪಾಯಿಯ ಮೇಲೂ ಶೇ 20ರಂತೆ 44 ರೂಪಾಯಿ ಕಟ್ಟಬೇಕು. ಮೊತ್ತ ಸಣ್ಣದು. ಆದರೆ ಅದು ತೆರಿಗೆಯ ಮೇಲೆ ತೆರಿಗೆ. ವರ್ಷಕ್ಕೆ ನೂರಾರು ಬಾರಿ ಕೊಂಡು ಮಾರುವವನಿಗೆ ಅದು ಸಣ್ಣದಾಗಿ ಉಳಿಯುವುದಿಲ್ಲ.

ಲಾಭಾಂಶದ ಕಡೆಗೂ ಇದೇ ಬಗೆಯ ತಿರುವು. 1997ರಲ್ಲಿ ಲಾಭಾಂಶದ ತೆರಿಗೆಯನ್ನು ಕಂಪನಿಯೇ ಕಟ್ಟುವಂತೆ ಮಾಡಿ ಪಡೆದವನಿಗೆ ವಿನಾಯಿತಿ ಕೊಟ್ಟರು. 2001ರಲ್ಲಿ ಸೇರಿದ 14ಎ ಸೆಕ್ಷನ್, ತೆರಿಗೆಯಿಲ್ಲದ ಆದಾಯಕ್ಕಾಗಿ ಮಾಡಿದ ಖರ್ಚಿಗೆ ಮನ್ನಣೆಯಿಲ್ಲ ಎಂದಿತು. ಅದೂ 1962ರಿಂದ ಪೂರ್ವಾನ್ವಯವಾಗಿ. 2020ರಲ್ಲಿ ಲಾಭಾಂಶದ ತೆರಿಗೆ ಮತ್ತೆ ಷೇರುದಾರನ ಹೆಗಲಿಗೆ ಬಂದಾಗ ಹಳೆಯ ಮನ್ನಣೆ ಪೂರ್ತಿಯಾಗಿ ಮರಳಲಿಲ್ಲ. ಬಡ್ಡಿಯನ್ನು ಮಾತ್ರ, ಅದೂ ಲಾಭಾಂಶದ ಶೇ 20ರ ಮಿತಿಯೊಳಗೆ ಕಳೆಯಬಹುದು ಎಂದು ಅಂದಿನ ತಿದ್ದುಪಡಿ ಹೇಳಿತು. ಲಾಭಾಂಶ ಸೊನ್ನೆಯಾದರೆ ಅದರ ಶೇ 20 ಕೂಡ ಸೊನ್ನೆ. 1978ರಲ್ಲಿ ಗೆದ್ದ ವಾದ ನಾಲ್ಕು ದಶಕಗಳ ನಂತರ ಒಂದು ಸಾಲಿನ ತಿದ್ದುಪಡಿಯಲ್ಲಿ ಕರಗಿತು.

ಗೊತ್ತಿಲ್ಲದೆ ವ್ಯಾಪಾರಿಯಾದವರು

ಗೆರೆ ಎಲ್ಲಿದೆ ಎಂಬ ಜಗಳ ತಗ್ಗಿಸಲು ಕೇಂದ್ರ ನೇರ ತೆರಿಗೆ ಮಂಡಳಿ ಪ್ರಯತ್ನಿಸಿಲ್ಲವೆಂದಲ್ಲ. 2007ರ ಸುತ್ತೋಲೆ, ಒಬ್ಬನೇ ವ್ಯಕ್ತಿ ಹೂಡಿಕೆಗೊಂದು, ವ್ಯಾಪಾರಕ್ಕೊಂದು ಹೀಗೆ ಎರಡು ಬೇರೆ ಗಂಟುಗಳನ್ನು ಇಟ್ಟುಕೊಳ್ಳಬಹುದು ಎಂದಿತು. 2016ರ ಫೆಬ್ರುವರಿಯ ಸುತ್ತೋಲೆ ಇನ್ನೂ ಮುಂದೆ ಹೋಯಿತು. ಪೇಟೆಯಲ್ಲಿ ನೋಂದಾಯಿತವಾದ ಷೇರನ್ನು ಹನ್ನೆರಡು ತಿಂಗಳಿಗೂ ಹೆಚ್ಚು ಕಾಲ ಇಟ್ಟುಕೊಂಡವನು ಅದರ ಲಾಭವನ್ನು ಬಂಡವಾಳ ಲಾಭವೆಂದು ತೋರಿಸಿದರೆ ಅಧಿಕಾರಿ ತಕರಾರು ತೆಗೆಯಬಾರದು. ಆದರೆ ಒಂದು ವರ್ಷ ತಳೆದ ನಿಲುವನ್ನು ಮುಂದಿನ ವರ್ಷಗಳಲ್ಲಿ ಬದಲಿಸುವಂತಿಲ್ಲ. ಲಾಭದ ವರ್ಷ ಒಂದು ವೇಷ, ನಷ್ಟದ ವರ್ಷ ಇನ್ನೊಂದು ವೇಷ ಎಂಬ ಹಳೆಯ ಆಟಕ್ಕೆ ಹೀಗೆ ತಡೆ ಬಿತ್ತು.

ಇನ್ನು ಕೆಲವರಿಗೆ ಆಯ್ಕೆಯೇ ಇಲ್ಲ. ಬೆಳಿಗ್ಗೆ ಕೊಂಡು ಸಂಜೆಯೊಳಗೆ ಮಾರುವವರ ವಹಿವಾಟನ್ನು ಕಾಯ್ದೆ ಸಟ್ಟಾ ವ್ಯಾಪಾರವೆಂದೇ ಕರೆಯುತ್ತದೆ. ಅದರ ನಷ್ಟವನ್ನು ಅಂಥದೇ ಲಾಭದಿಂದ ಮಾತ್ರ ತುಂಬಿಕೊಳ್ಳಬೇಕು, ಅದೂ ನಾಲ್ಕು ವರ್ಷಗಳೊಳಗೆ. ಮಾನ್ಯತೆ ಪಡೆದ ಪೇಟೆಯ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟನ್ನು 2005ರ ತಿದ್ದುಪಡಿ ಸಟ್ಟಾದ ಪಟ್ಟಿಯಿಂದ ಹೊರತೆಗೆದು ಸಾಮಾನ್ಯ ವ್ಯಾಪಾರದ ಸಾಲಿಗೆ ಸೇರಿಸಿತು. ಹೀಗಾಗಿ ಮೊಬೈಲ್ ಫೋನಿನಲ್ಲಿ ಆಪ್ಷನ್ಸ್ ಕೊಂಡು ಮಾರುವ ಸಂಬಳದಾರನೂ ವಿದ್ಯಾರ್ಥಿಯೂ ತಮಗೆ ಅರಿವಿದ್ದರೂ ಇಲ್ಲದಿದ್ದರೂ ಕಾನೂನಿನ ಪ್ರಕಾರ ವ್ಯಾಪಾರಿಗಳು.

ಇವರ ಪಾಡು ಏನೆಂಬುದನ್ನು ಷೇರು ಪೇಟೆ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಹೊರತಂದ ಅಧ್ಯಯನ ತೋರಿಸಿತು. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಈ ವಹಿವಾಟಿಗೆ ಇಳಿದ ಒಂದು ಕೋಟಿಗೂ ಹೆಚ್ಚು ಜನರಲ್ಲಿ ಶೇ 93 ಮಂದಿ ನಷ್ಟ ಅನುಭವಿಸಿದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ದಾಟಿತು. ಈ ಅವಧಿಯಲ್ಲಿ ದಲ್ಲಾಳಿ ಶುಲ್ಕ, ತೆರಿಗೆ ಮುಂತಾದ ವಹಿವಾಟಿನ ಖರ್ಚಿಗೇ ಸುಮಾರು 50,000 ಕೋಟಿ ರೂಪಾಯಿ ಹೋಯಿತು. 2023-24ರಲ್ಲಿ ತಲಾ ಸರಾಸರಿ 26,000 ರೂಪಾಯಿ.

ಈ ಖರ್ಚು ಕಾನೂನಿನಲ್ಲಿ ಮನ್ನಣೆಯುಳ್ಳದ್ದು. ವ್ಯಾಪಾರಿಯಾಗಿ ಲೆಕ್ಕ ಸಲ್ಲಿಸಿದರೆ ದಲ್ಲಾಳಿ ಶುಲ್ಕ, ವಹಿವಾಟು ತೆರಿಗೆ, ಇಂಟರ್‌ನೆಟ್ ಬಿಲ್ಲಿನ ಸೂಕ್ತ ಪಾಲು, ಸಾಲದ ಬಡ್ಡಿ, ಕಂಪ್ಯೂಟರಿನ ಸವಕಳಿ ಎಲ್ಲವನ್ನೂ ಕಳೆಯಬಹುದು. ಉಳಿದ ನಷ್ಟವನ್ನು ಎಂಟು ವರ್ಷ ಮುಂದಕ್ಕೆ ಒಯ್ಯಬಹುದು. ಆದರೆ ಗಡುವಿನೊಳಗೆ ವಿವರ ಸಲ್ಲಿಸಿದವನಿಗೆ ಮಾತ್ರ ಈ ಹಕ್ಕು. ‘ಗಳಿಸಿದ್ದೇ ಇಲ್ಲ, ಇನ್ನು ತೆರಿಗೆ ಲೆಕ್ಕವೇಕೆ’ ಎಂದು ಕೈಕಟ್ಟಿ ಕುಳಿತವನು ಹಣದ ಜೊತೆಗೆ ನಷ್ಟದ ಹಕ್ಕನ್ನೂ ಕಳೆದುಕೊಳ್ಳುತ್ತಾನೆ. ಷೇರನ್ನು ಜೋಪಾನವಾಗಿ ವರ್ಷಗಟ್ಟಲೆ ಇಟ್ಟುಕೊಂಡ ನಿವೃತ್ತ ನೌಕರನಿಗಾದರೋ ಈ ಪಟ್ಟಿಯ ಬಹುಪಾಲು ಖರ್ಚಿಗೆ ಎಷ್ಟು ಸರಿಯಾಗಿ ಲೆಕ್ಕವಿಟ್ಟರೂ ಮನ್ನಣೆ ಸಿಗುವುದಿಲ್ಲ. ಅವನಿಗಿರುವ ಸಮಾಧಾನ ಕಡಿಮೆ ದರವೊಂದೇ. ಆ ದರವೂ 2018ರ ನಂತರ ಮೇಲೆ ಸರಿಯುತ್ತ ಬಂದಿದೆ.

ಅರವತ್ತು ವರ್ಷಗಳಿಗೂ ಮೀರಿ ಬಾಳಿದ 1961ರ ಕಾಯ್ದೆಯ ಜಾಗಕ್ಕೆ 2025ರ ಆದಾಯ ತೆರಿಗೆ ಕಾಯ್ದೆ ಬಂದಿದೆ. 2026ರ ಏಪ್ರಿಲ್ 1 ಅದು ಜಾರಿಯಾದ ದಿನಾಂಕ. ಭಾಷೆ ಸರಳವಾಗಿದೆ, ಸೆಕ್ಷನ್‌ಗಳ ಸಂಖ್ಯೆ ಬದಲಾಗಿದೆ. ಆದರೆ ವ್ಯಾಪಾರದ ಲಾಭ ಒಂದು ಅಧ್ಯಾಯದಲ್ಲಿ, ಬಂಡವಾಳ ಲಾಭ ಇನ್ನೊಂದರಲ್ಲಿ ಎಂಬ ವಿಂಗಡಣೆ ಹಾಗೆಯೇ ಇದೆ. ವಿಲ್ಸನ್ ತನ್ನ ನಾಲ್ಕು ಪಂಗಡಗಳನ್ನು ಬರೆದಾಗ ಮುಂಬಯಿಯ ಆಲದ ಮರದ ಕೆಳಗೆ ನಿಂತಿದ್ದ ದಲ್ಲಾಳಿಗೂ ಅವನ ಗಿರಾಕಿಗೂ ಇದ್ದ ಅಂತರ ನೋಡಿದವರಿಗೆ ಥಟ್ಟನೆ ತಿಳಿಯುತ್ತಿತ್ತು. ಈಗ ಇಬ್ಬರೂ ಒಂದೇ ಫೋನನ್ನು ಹಿಡಿದಿದ್ದಾರೆ. ಆದ್ದರಿಂದ ತಾನು ಯಾರೆಂಬುದನ್ನು ಮೊದಲ ವರ್ಷವೇ ನಿರ್ಧರಿಸಿ, ಅದಕ್ಕೆ ತಕ್ಕ ಚೀಟಿ ರಸೀದಿಗಳನ್ನು ಎತ್ತಿಟ್ಟುಕೊಳ್ಳುವ ಹೊಣೆ ಅವರವರದೇ ಆಗಿದೆ.